ಚಾಮರಾಜನಗರ ಮತ್ತು ಗುಂಡ್ಲುಪೇಟೆ ಪ್ರದೇಶದ ಶಾಲಾ ಶಿಕ್ಷಕರ ವೃತ್ತಿ ಮುನ್ನಡೆ: ಒಂದು ಚಾರಿತ್ರಿಕ ಅವಲೋಕನ

೧. ಪೀಠಿಕೆ

ಹಳೆಯ ಮೈಸೂರು ಪ್ರಾಂತದ ಶಿಕ್ಷಣ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಶಾಲೆಗಳ ಸ್ಥಾಪನೆ, ಪಠ್ಯಕ್ರಮದ ಬದಲಾವಣೆ, ಕಡ್ಡಾಯ ಶಿಕ್ಷಣದ ಶಾಸನಗಳು ಮುಂತಾದವುಗಳಿಗೆ ಪ್ರಾಶಸ್ತ್ಯ ದೊರೆತಿದೆ. ಆ ಶಾಲೆಗಳಲ್ಲಿ ದುಡಿದ ಶಿಕ್ಷಕರು ಯಾವ ಅರ್ಹತೆಯಿಂದ ಸೇವೆಗೆ ಸೇರಿದರು, ಎಷ್ಟು ವರ್ಷಗಳ ನಂತರ ಮೇಲೇರಿದರು, ಮೇಲೇರಿದಾಗ ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳಿಗೆ ಅದೇ ಪ್ರಮಾಣದ ಗಮನ ಸಂದಿಲ್ಲ. ಸೇವೆಯಲ್ಲಿರುವ ಶಿಕ್ಷಕರಿಗೆ ಶೀಘ್ರವಾಗಿ ಮುನ್ನಡೆ ದೊರಕಿಸಿಕೊಡಲು ಸರ್ಕಾರವು ಕಾಲಕಾಲಕ್ಕೆ ರೂಪಿಸಿದ ಯೋಜನೆಗಳನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಧ್ಯಯನದ ಅನುಕೂಲಕ್ಕಾಗಿ ಶಿಕ್ಷಕರ ಮುನ್ನಡೆಯನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬಹುದು. ಮೊದಲನೆಯದು ವೇತನದ ಮುನ್ನಡೆ, ಎರಡನೆಯದು ಹುದ್ದೆಯ ಮುನ್ನಡೆ, ಮೂರನೆಯದು ವೃತ್ತಿಯ ಮುನ್ನಡೆ, ಅಂದರೆ ಪಾಠ ಹೇಳುವ ಕೆಲಸದಲ್ಲಿಯೇ ಪರಿಣತಿ ಬೆಳೆದು ಆ ಪರಿಣತಿಗೆ ಮನ್ನಣೆ ದೊರೆಯುವುದು. ಕರ್ನಾಟಕದಲ್ಲಿ ಮೊದಲನೆಯದನ್ನು ಕಾಲದ ಅಳತೆಯಿಂದ ಶೀಘ್ರಗೊಳಿಸಲಾಯಿತು. ಎರಡನೆಯದನ್ನು ಸೇವಾ ಜ್ಯೇಷ್ಠತೆಗೆ ಒಪ್ಪಿಸಲಾಯಿತು. ಮೂರನೆಯದಕ್ಕೆ ಇಲಾಖೆಯ ವೃಂದಪಟ್ಟಿಯಲ್ಲಿ ಸ್ಥಾನವೇ ಏರ್ಪಡಲಿಲ್ಲ. ಈ ಲೇಖನದ ಪ್ರತಿಪಾದನೆ ಇಷ್ಟೇ.

ಅರಿಕುಠಾರವೆಂಬ ಹಳೆಯ ಹೆಸರಿನ ಊರು ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅವರ ತಂದೆಯವರ ಸ್ಮರಣಾರ್ಥ ಚಾಮರಾಜನಗರವಾಯಿತು. ಈ ತಾಲ್ಲೂಕೂ ಗುಂಡ್ಲುಪೇಟೆಯೂ ೧೯೯೭ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದವು. ೧೯೯೭ರ ಆಗಸ್ಟ್ ೧೫ರಂದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರದ ಕಾಡು, ಅದರಾಚೆ ತಮಿಳುನಾಡಿನ ನೀಲಗಿರಿ ಮತ್ತು ಕೇರಳದ ವಯನಾಡು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ ೭೫ರಷ್ಟಿದ್ದಾಗ ಈ ಜಿಲ್ಲೆಯದು ಶೇಕಡ ೬೧ರಷ್ಟಿತ್ತು. ಅನುಭವಿ ಶಿಕ್ಷಕರು ಹಳ್ಳಿಯ ಶಾಲೆಯಲ್ಲಿ ಉಳಿಯುವರೇ ಇಲ್ಲವೇ ಎಂಬುದು ಇಂಥ ಜಿಲ್ಲೆಯಲ್ಲಿ ಕೇವಲ ಸೇವಾ ನಿಯಮದ ಪ್ರಶ್ನೆಯಾಗಿ ನಿಲ್ಲುವುದಿಲ್ಲ.

೨. ಹೋಬಳಿ ಶಾಲೆಯ ಶಿಕ್ಷಕರು

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯು ೧೮೫೭ರಲ್ಲಿ ಆರಂಭವಾಯಿತು. ಅದಕ್ಕೆ ಮುನ್ನ ಹಳ್ಳಿಗಳಲ್ಲಿದ್ದವು ಕೂಲಿಮಠಗಳು. ಅಲ್ಲಿ ಕಲಿಸುತ್ತಿದ್ದ ಐಗಳಿಗೆ ಊರವರು ಕೊಟ್ಟ ಕಾಳುಕಡ್ಡಿಯೇ ಸಂಬಳ. ಅವರಿಗೆ ಮೇಲಧಿಕಾರಿಗಳಿರಲಿಲ್ಲ, ಆದ್ದರಿಂದ ಮೇಲಿನ ಹುದ್ದೆಯೂ ಇರಲಿಲ್ಲ. ಒಳ್ಳೆಯ ಐಗಳೆಂಬ ಹೆಸರು ಬಂದರೆ ಮಕ್ಕಳ ಸಂಖ್ಯೆ ಹೆಚ್ಚುತ್ತಿತ್ತು. ಅವರ ಮುನ್ನಡೆಯೆಂದರೆ ಅದೇ.

೧೮೬೮ರಲ್ಲಿ ಬಿ. ಎಲ್. ರೈಸ್ ಅವರು ಪ್ರತಿ ಹೋಬಳಿಗೂ ಒಂದು ಸರ್ಕಾರಿ ಶಾಲೆ ಇರಬೇಕೆಂಬ ಯೋಜನೆಯನ್ನು ಮಂಡಿಸಿದರು. ಶಿಕ್ಷಕರನ್ನು ನಾರ್ಮಲ್ ಶಾಲೆಗಳಲ್ಲಿ ತರಬೇತುಗೊಳಿಸುವುದು ಆ ಯೋಜನೆಯ ಅಂಗವಾಗಿತ್ತು. ಇದೇ ರೈಸ್ ಅವರು ಮುಂದೆ ಚಾಮರಾಜನಗರ, ಗುಂಡ್ಲುಪೇಟೆ ಮತ್ತು ಯಳಂದೂರು ಪ್ರದೇಶದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ತೆರಕಣಾಂಬಿ, ಹರದನಹಳ್ಳಿಗಳಂಥ ಊರುಗಳ ಕಲ್ಬರಹಗಳನ್ನು ಓದಿಸಿದ ವಿದ್ವಾಂಸರೇ ಹೋಬಳಿ ಶಾಲೆಗಳ ಕಲ್ಪನೆಯನ್ನೂ ಕೊಟ್ಟರೆಂಬುದು ಗಮನಾರ್ಹ ಸಂಗತಿ.

ಹೋಬಳಿ ಶಾಲೆಯಿಂದ ಒಂದು ಮಹತ್ತರ ಬದಲಾವಣೆ ಉಂಟಾಯಿತು. ಶಿಕ್ಷಕರು ಊರಿನ ಐಗಳಾಗಿದ್ದವರು ಸರ್ಕಾರದ ಸಂಬಳಗಾರರಾದರು. ಸಂಬಳದೊಂದಿಗೆ ದರ್ಜೆ ಬಂದಿತು, ದರ್ಜೆಯೊಂದಿಗೆ ಅರ್ಹತಾ ಪರೀಕ್ಷೆಗಳು ಬಂದವು. ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶಿಕ್ಷಕರಾಗುವುದು, ಆಮೇಲೆ ತರಬೇತಿ ಪಡೆದು ಮೇಲಿನ ದರ್ಜೆಗೆ ಹೋಗುವುದು ರೂಢಿಯಾಯಿತು. ಟಿ.ಸಿ.ಎಲ್. ಮತ್ತು ಟಿ.ಸಿ.ಎಚ್. ಎಂಬ ಎರಡು ತರಬೇತಿ ಪ್ರಮಾಣಪತ್ರಗಳು ಬಹುಕಾಲ ಶಿಕ್ಷಕರ ದರ್ಜೆಯನ್ನು ಸೂಚಿಸುವ ಗುರುತುಗಳಾಗಿದ್ದವು. ಹೆಚ್ಚಿನ ಅರ್ಹತೆ ಪಡೆದವರು ಬೇಗ ಮೇಲೇರಬಹುದೆಂಬ ತತ್ತ್ವ ಹೀಗೆ ಸೇವಾ ವ್ಯವಸ್ಥೆಯ ಆರಂಭದಿಂದಲೇ ಇದ್ದಿತು.

೧೯೧೩ರಲ್ಲಿ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಜಾರಿಗೆ ಬಂದಿತು. ೧೯೩೦ರ ರೆಗ್ಯುಲೇಷನ್ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತು. ೧೯೪೧ರ ಕಾಯಿದೆಯಿಂದ ಅದು ಮತ್ತೆ ಸರ್ಕಾರದ ನೇರ ಆಡಳಿತಕ್ಕೆ ಬಂದಿತು. ಒಂದೇ ಶಾಲೆಯಲ್ಲಿದ್ದ ಶಿಕ್ಷಕರು ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಎರಡು ಬಗೆಯ ಆಡಳಿತವನ್ನು ಕಂಡರು. ಇಂತಹ ಬದಲಾವಣೆಗಳ ನಡುವೆ ಶಿಕ್ಷಕರಿಗೆ ಆಧಾರವಾಗಿ ಉಳಿದದ್ದು ಸೇವಾ ಪುಸ್ತಕದಲ್ಲಿ ನಮೂದಾದ ಸೇವೆಗೆ ಸೇರಿದ ದಿನಾಂಕ ಮಾತ್ರ.

೩. ಏಕೀಕರಣ ಮತ್ತು ಜ್ಯೇಷ್ಠತೆ

ಸೇರಿದ ದಿನಾಂಕದ ಬೆಲೆ ಇನ್ನಷ್ಟು ಸ್ಪಷ್ಟವಾದದ್ದು ೧೯೫೬ರಲ್ಲಿ. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲವು ೧೯೫೬ರ ನವೆಂಬರ್ ೧ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಶಿಕ್ಷಕರ ದರ್ಜೆಗಳು ಹೈಯರ್ ಎಲಿಮೆಂಟರಿ, ಸೆಕೆಂಡರಿ ಗ್ರೇಡ್ ಎಂಬ ಮದರಾಸಿನ ಹೆಸರುಗಳಲ್ಲಿದ್ದವು. ನೆರೆಯ ಚಾಮರಾಜನಗರ, ಗುಂಡ್ಲುಪೇಟೆಗಳ ಶಿಕ್ಷಕರಿಗೆ ಮೈಸೂರಿನ ದರ್ಜೆಗಳು. ವೇತನ ಬೇರೆ, ನಿಯಮ ಬೇರೆ, ತರಬೇತಿ ಬೇರೆ. ಹೀಗೆ ಬೇರೆಬೇರೆ ಪ್ರಾಂತಗಳಿಂದ ಬಂದ ನೌಕರರನ್ನು ಒಂದು ರಾಜ್ಯದ ಸೇವೆಗೆ ಒಗ್ಗೂಡಿಸಬೇಕಾಯಿತು.

ರಾಜ್ಯ ಪುನರ್ವಿಂಗಡಣಾ ಕಾಯಿದೆಯ ೧೧೫ನೆಯ ಪ್ರಕರಣವು ಈ ವಿಲೀನಕ್ಕೆ ಆಧಾರವಾಗಿತ್ತು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ಪ್ರತಿಕೂಲವಾಗುವಂತೆ ಬದಲಾಯಿಸಬಾರದೆಂದು ಅದು ವಿಧಿಸಿತು. ಸಮಾನ ಹುದ್ದೆಗಳು ಯಾವುವು, ಯಾರು ಯಾರಿಗಿಂತ ಹಿರಿಯರು ಎಂಬುದನ್ನು ನಿರ್ಧರಿಸುವ ಜ್ಯೇಷ್ಠತಾ ಪಟ್ಟಿಗಳು ಮೈಸೂರು ರಾಜ್ಯದ ಎಲ್ಲ ಇಲಾಖೆಗಳಲ್ಲೂ ಬಹುಕಾಲ ವಿವಾದಕ್ಕೊಳಗಾದವು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು. ಈ ಅನುಭವದಿಂದ ಆಡಳಿತ ವರ್ಗವೂ ನೌಕರ ವರ್ಗವೂ ಕಲಿತ ಪಾಠ ಒಂದೇ: ಯೋಗ್ಯತೆಯನ್ನು ಪ್ರಶ್ನಿಸಬಹುದು, ದಿನಾಂಕವನ್ನು ಪ್ರಶ್ನಿಸುವುದು ಕಷ್ಟ. ಜ್ಯೇಷ್ಠತೆಯು ಅನಂತರದ ದಶಕಗಳಲ್ಲಿ ಬಡ್ತಿಯ ಮುಖ್ಯ ತತ್ತ್ವವಾಗಿ ಭದ್ರವಾದುದರ ಹಿಂದೆ ಈ ಚಾರಿತ್ರಿಕ ಕಾರಣವೂ ಇದೆಯೆಂದು ಭಾವಿಸಬಹುದು.

೪. ಕಾಲಬದ್ಧ ಬಡ್ತಿಯ ಆಗಮನ

೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯ ನಂತರ ಶಾಲೆಗಳು ವಿಸ್ತಾರಗೊಂಡು ಶಿಕ್ಷಕರ ಸಂಖ್ಯೆ ಬೆಳೆಯಿತು. ಸಹಶಿಕ್ಷಕರ ಹುದ್ದೆಗಳು ಹೆಚ್ಚಿದ ಪ್ರಮಾಣದಲ್ಲಿ ಮುಖ್ಯ ಶಿಕ್ಷಕರ ಹುದ್ದೆಗಳು ಹೆಚ್ಚಲು ಸಾಧ್ಯವಿರಲಿಲ್ಲ. ಏಣಿಯ ಬುಡ ಅಗಲವಾಯಿತು, ತುದಿ ಕಿರಿದಾಗಿಯೇ ಉಳಿಯಿತು. ಇದರ ಫಲವಾಗಿ ಸಹಶಿಕ್ಷಕರಾಗಿ ಸೇರಿದವರು ಸಹಶಿಕ್ಷಕರಾಗಿಯೇ ನಿವೃತ್ತರಾಗುವುದು ಸಾಮಾನ್ಯವಾಯಿತು. ಇದು ಶಿಕ್ಷಣ ಇಲಾಖೆಗೆ ಸೀಮಿತವಾದ ಸಮಸ್ಯೆಯಾಗಿರಲಿಲ್ಲವಾದರೂ, ಸಂಖ್ಯಾಬಾಹುಳ್ಯದಿಂದಾಗಿ ಇಲ್ಲಿ ಹೆಚ್ಚು ತೀವ್ರವಾಗಿತ್ತು.

ಈ ನಿಲುಗಡೆಗೆ ಪರಿಹಾರವಾಗಿ ರಾಜ್ಯ ಸರ್ಕಾರ ಎರಡು ನಿಯಮಾವಳಿಗಳನ್ನು ತಂದಿತು. ೧೯೮೩ರ ಕಾಲಬದ್ಧ ಮುಂಬಡ್ತಿ ನಿಯಮಗಳ ಪ್ರಕಾರ ಒಂದೇ ಹುದ್ದೆಯಲ್ಲಿ ೧೦ ವರ್ಷ ಸೇವೆ ಸಲ್ಲಿಸಿಯೂ ಬಡ್ತಿ ಪಡೆಯದ ನೌಕರರಿಗೆ ಆಯ್ಕೆ ಕಾಲವೇತನ ಶ್ರೇಣಿ ದೊರೆಯುತ್ತದೆ. ೧೯೯೧ರ ಸ್ವಯಂಚಾಲಿತ ವಿಶೇಷ ಬಡ್ತಿ ನಿಯಮಗಳ ಪ್ರಕಾರ ೧೫ ವರ್ಷಗಳ ನಂತರ ಹಿರಿಯ ವೇತನ ಶ್ರೇಣಿ ಲಭಿಸುತ್ತದೆ. ಮುಂದೆ ೨೦, ೨೫ ಮತ್ತು ೩೦ ವರ್ಷಗಳ ಸೇವೆಗೂ ಹೆಚ್ಚುವರಿ ವೇತನ ಬಡ್ತಿಗಳು ಸೇರಿಕೊಂಡವು. ಶಿಕ್ಷಕರ ನಿತ್ಯದ ಮಾತಿನಲ್ಲಿ ಇವು 'ಹತ್ತು ವರ್ಷದ್ದು', 'ಹದಿನೈದು ವರ್ಷದ್ದು' ಎಂದೇ ಪರಿಚಿತ.

ಈ ನಿಯಮಗಳ ಒಳಿತನ್ನು ಅಲ್ಲಗಳೆಯುವಂತಿಲ್ಲ. ಬೇಗೂರು ಅಥವಾ ಹಂಗಳ ಹೋಬಳಿಯ ಹಳ್ಳಿಯೊಂದರಲ್ಲಿದ್ದ ಶಿಕ್ಷಕರಿಗೂ ಮೈಸೂರು ನಗರದಲ್ಲಿದ್ದ ಶಿಕ್ಷಕರಿಗೂ ಒಂದೇ ಅವಧಿಗೆ ಒಂದೇ ಸೌಲಭ್ಯ ದೊರೆಯಿತು. ಯಾರ ಶಿಫಾರಸೂ ಬೇಕಿರಲಿಲ್ಲ. ಸೇವಾ ದಾಖಲೆ ತೃಪ್ತಿಕರವಾಗಿದ್ದರೆ ಸಾಕಾಗಿತ್ತು. ಆದರೆ 'ಬಡ್ತಿ' ಎಂಬ ಪದದ ಅರ್ಥ ಇಲ್ಲಿ ಸೂಕ್ಷ್ಮವಾಗಿ ಬದಲಾಯಿತು. ವೇತನ ಶ್ರೇಣಿ ಮಾತ್ರ ಏರಿತು. ಹುದ್ದೆ, ಹೊಣೆ, ಕೆಲಸದ ಸ್ವರೂಪ ಹಾಗೆಯೇ ಉಳಿದವು. ಚೆನ್ನಾಗಿ ಕಲಿಸಿದವರಿಗೂ ಹಾಗೆ ಕಲಿಸದವರಿಗೂ ಗಡಿಯಾರ ಒಂದೇ ವೇಗದಲ್ಲಿ ನಡೆಯಿತು.

ಇದೇ ಕಾಲದಲ್ಲಿ ರಾಷ್ಟ್ರಮಟ್ಟದಲ್ಲಿ ಬೇರೊಂದು ಚಿಂತನೆ ನಡೆದಿತ್ತು. ೧೯೮೩ರಲ್ಲಿ ನೇಮಕಗೊಂಡ ರಾಷ್ಟ್ರೀಯ ಶಿಕ್ಷಕರ ಆಯೋಗದ ನಂತರ ಕೇಂದ್ರ ಸರ್ಕಾರದ ಶಾಲೆಗಳ ಶಿಕ್ಷಕರಿಗೆ ೧೨ ವರ್ಷಗಳಿಗೆ ಹಿರಿಯ ಶ್ರೇಣಿ, ಮತ್ತೆ ೧೨ ವರ್ಷಗಳಿಗೆ ಆಯ್ಕೆ ಶ್ರೇಣಿ ಎಂಬ ವ್ಯವಸ್ಥೆ ಬಂದಿತು. ಆಯ್ಕೆ ಶ್ರೇಣಿಯನ್ನು ಹಿರಿಯ ಶ್ರೇಣಿಯ ಹುದ್ದೆಗಳ ಶೇಕಡ ೨೦ಕ್ಕೆ ಮಿತಿಗೊಳಿಸಿ ಅದಕ್ಕೆ ಹೆಚ್ಚಿನ ವಿದ್ಯಾರ್ಹತೆಯನ್ನು ಕೇಳಲಾಯಿತು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸೇವಾನಿರತ ಶಿಕ್ಷಕರಿಗಾಗಿಯೇ ಸೀಮಿತ ಸ್ಪರ್ಧಾ ಪರೀಕ್ಷೆಯ ಮೂಲಕ ಮೇಲಿನ ಹುದ್ದೆಗೆ ಹೋಗುವ ದಾರಿಯೂ ಉಂಟು. ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಈ ಮಾದರಿ ಅನ್ವಯವಾಗಲಿಲ್ಲ.

೫. ಹೊಸ ಜಿಲ್ಲೆ, ಕಿರಿದಾದ ವೃಂದ

ಪ್ರಾಥಮಿಕ ಶಾಲಾ ಶಿಕ್ಷಕರದು ಜಿಲ್ಲಾ ಮಟ್ಟದ ವೃಂದ. ಪ್ರೌಢಶಾಲಾ ಸಹಶಿಕ್ಷಕರದು ವಿಭಾಗ ಮಟ್ಟದ್ದು. ಪ್ರಾಥಮಿಕ ಶಾಲೆಯ ಬಡ್ತಿಗೆ ಆಯಾ ಜಿಲ್ಲೆಯ ಜ್ಯೇಷ್ಠತಾ ಪಟ್ಟಿಯೇ ಆಧಾರ. ಆದ್ದರಿಂದ ೧೯೯೭ರಲ್ಲಿ ಮೈಸೂರು ಜಿಲ್ಲೆ ವಿಭಜನೆಗೊಂಡುದು ಶಿಕ್ಷಕರ ಪಾಲಿಗೆ ಕೇವಲ ಕಚೇರಿಯ ಸ್ಥಳಾಂತರವಾಗಿರಲಿಲ್ಲ. ಒಂದು ದೊಡ್ಡ ವೃಂದ ಎರಡಾಯಿತು. ಉಪನಿರ್ದೇಶಕರ ಕಚೇರಿ ಹತ್ತಿರ ಬಂದಿತು ನಿಜ. ಆದರೆ ಮೈಸೂರು ಸೀಮೆಯಿಂದ ಬಂದು ಇಲ್ಲಿ ಸೇವೆಯಲ್ಲಿದ್ದವರಿಗೆ ಊರಿಗೆ ಮರಳುವ ಸಾಮಾನ್ಯ ವರ್ಗಾವಣೆಯು ಈಗ ಜಿಲ್ಲೆ ದಾಟುವ ಅಂತರ ಘಟಕ ವರ್ಗಾವಣೆಯಾಯಿತು.

ಕೋರಿಕೆಯ ಮೇಲೆ ಬೇರೆ ಘಟಕಕ್ಕೆ ಹೋದವರು ಅಲ್ಲಿನ ಜ್ಯೇಷ್ಠತಾ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಹತ್ತಾರು ವರ್ಷಗಳ ಹಿರಿತನವನ್ನು ಬಿಟ್ಟುಕೊಟ್ಟು ಕುಟುಂಬವಿರುವ ಊರಿಗೆ ಹೋಗುವುದೋ, ಹಿರಿತನ ಉಳಿಸಿಕೊಂಡು ಇಲ್ಲಿಯೇ ಮುಖ್ಯ ಶಿಕ್ಷಕರ ಹುದ್ದೆಗೆ ಕಾಯುವುದೋ ಎಂಬ ದ್ವಂದ್ವ ಗಡಿ ಜಿಲ್ಲೆಗಳ ಶಿಕ್ಷಕರಿಗೆ ವಿಶೇಷವಾದುದು. ಅದರಲ್ಲೂ ಶಿಕ್ಷಕಿಯರಿಗೆ ವಿವಾಹಾನಂತರ ಈ ಆಯ್ಕೆ ಕಠಿಣವಾಗುತ್ತದೆ. ೨೦೦೭ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ ೨೦೨೦ರ ಕಾಯಿದೆಯೂ ಕೌನ್ಸೆಲಿಂಗ್ ಮೂಲಕ ವರ್ಗಾವಣೆಯನ್ನು ಪಾರದರ್ಶಕಗೊಳಿಸಿದವು. ಪಟ್ಟಣದಿಂದ ಇರುವ ದೂರವನ್ನು ಆಧರಿಸಿ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಲಾಯಿತು. ದೂರದ ವಲಯದಲ್ಲಿ ದುಡಿದ ವರ್ಷಗಳಿಗೆ ದೊರೆಯುವ ಮನ್ನಣೆಯೆಂದರೆ ಅಲ್ಲಿಂದ ಹೊರಡುವ ಅವಕಾಶ. ಕಾಡಂಚಿನ ಶಾಲೆಯಲ್ಲಿ ಹತ್ತು ವರ್ಷ ನಿಂತು ಸೋಲಿಗ, ಜೇನುಕುರುಬ ಮಕ್ಕಳ ಮಾತನ್ನೂ ರೀತಿಯನ್ನೂ ಅರಿತ ಶಿಕ್ಷಕರು ಆ ಅರಿವಿನೊಂದಿಗೆ ಅಲ್ಲಿಯೇ ಮೇಲೇರುವ ದಾರಿಯನ್ನು ಯಾವ ನಿಯಮವೂ ಕಲ್ಪಿಸಲಿಲ್ಲ.

೬. ಸಂಪನ್ಮೂಲ ವ್ಯಕ್ತಿ ಎಂಬ ಮೂರನೆಯ ದಾರಿ

ಹೊಸ ಜಿಲ್ಲೆ ರೂಪುಗೊಂಡ ಹೊತ್ತಿಗೇ ಶಿಕ್ಷಕರಿಗೆ ಇನ್ನೊಂದು ದಾರಿಯೂ ತೆರೆಯಿತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಅಥವಾ ಡಿ.ಪಿ.ಇ.ಪಿ. ಕರ್ನಾಟಕದಲ್ಲಿ ೧೯೯೪-೯೫ರಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಎರಡನೆಯ ಹಂತದಲ್ಲಿ ಅವಿಭಜಿತ ಮೈಸೂರು ಜಿಲ್ಲೆಯೂ ಸೇರಿತು. ೨೦೦೧ರ ನಂತರ ಸರ್ವ ಶಿಕ್ಷಾ ಅಭಿಯಾನ ಆ ಕೆಲಸವನ್ನು ಮುಂದುವರಿಸಿತು. ಇವುಗಳ ಮೂಲಕ ಸಮೂಹ ಸಂಪನ್ಮೂಲ ಕೇಂದ್ರ ಮತ್ತು ಕ್ಷೇತ್ರ ಸಂಪನ್ಮೂಲ ಕೇಂದ್ರಗಳು ನೆಲೆಗೊಂಡವು. ಸೇವಾನಿರತ ಶಿಕ್ಷಕರನ್ನೇ ಆರಿಸಿ ಸಿ.ಆರ್.ಪಿ., ಬಿ.ಆರ್.ಪಿ.ಗಳಾಗಿ ನಿಯೋಜಿಸಲಾಯಿತು. ನಂತರದ ವರ್ಷಗಳಲ್ಲಿ ಈ ಆಯ್ಕೆಗೆ ಲಿಖಿತ ಪರೀಕ್ಷೆಯೂ ಬಂದಿತು. ಜ್ಯೇಷ್ಠತೆಯೊಂದನ್ನೇ ನೋಡದೆ ಯೋಗ್ಯತೆಯನ್ನು ಅಳೆದ ಅಪರೂಪದ ಸಂದರ್ಭವಿದು. ಆದರೆ ಇದು ನಿಗದಿತ ಅವಧಿಯ ನಿಯೋಜನೆ. ಅವಧಿ ಮುಗಿದ ಮೇಲೆ ಅವರು ಹಿಂದಿನ ದರ್ಜೆಯಲ್ಲೇ ಶಾಲೆಗೆ ಮರಳಬೇಕು.

ಇದಕ್ಕಿಂತ ಭಿನ್ನವಾದ ಉದಾಹರಣೆ ಗುಂಡ್ಲುಪೇಟೆಗೆ ಹೊಂದಿಕೊಂಡ ಹೆಗ್ಗಡದೇವನಕೋಟೆ ತಾಲ್ಲೂಕಿನದು. ೧೯೯೫ರಲ್ಲಿ ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಪದ್ಧತಿಯನ್ನು ರೂಪಿಸಿದರು. ಕಲಿಕಾ ಕಾರ್ಡುಗಳನ್ನು ತಯಾರಿಸಿದವರು, ಬೇರೆ ಶಿಕ್ಷಕರಿಗೆ ತರಬೇತಿ ಕೊಟ್ಟವರು ಹಳ್ಳಿಯ ಶಿಕ್ಷಕರೇ. ೨೦೦೯-೧೦ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಒಂದು ತಾಲ್ಲೂಕಿನ ಶಿಕ್ಷಕರ ಕೆಲಸ ಇಡೀ ರಾಜ್ಯದ ಪದ್ಧತಿಯಾಯಿತು. ಆದರೆ ಇಂತಹ ಕೆಲಸ ಮಾಡಿದವರಿಗೆಂದು ವೃಂದಪಟ್ಟಿಯಲ್ಲಿ ಒಂದು ಹುದ್ದೆ ಸೃಷ್ಟಿಯಾಗಲಿಲ್ಲ. ವೃತ್ತಿಯ ಮುನ್ನಡೆ ನಡೆದಿತ್ತು, ಅದನ್ನು ದಾಖಲಿಸುವ ಅಂಕಣ ಸೇವಾ ಪುಸ್ತಕದಲ್ಲಿರಲಿಲ್ಲ.

೭. ಪದವೀಧರ ಶಿಕ್ಷಕರ ಪ್ರಶ್ನೆ

ಇತ್ತೀಚಿನ ವರ್ಷಗಳಲ್ಲಿ ಈ ಚರ್ಚೆ ಹೊಸ ರೂಪ ತಾಳಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ೧ರಿಂದ ೫ ಮತ್ತು ೬ರಿಂದ ೮ನೆಯ ತರಗತಿಗಳಿಗೆ ಪ್ರತ್ಯೇಕ ಅರ್ಹತೆಯ ಶಿಕ್ಷಕರನ್ನು ಅಪೇಕ್ಷಿಸಿತು. ಕರ್ನಾಟಕದಲ್ಲಿ ಅದುವರೆಗೆ ೧ರಿಂದ ೭ರವರೆಗೆ ಪ್ರಾಥಮಿಕ, ೮ರಿಂದ ೧೦ರವರೆಗೆ ಪ್ರೌಢ ಎಂಬ ವಿಂಗಡಣೆಯಿತ್ತು. ಹೊಸ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ವೃಂದ ಸೃಷ್ಟಿಯಾಯಿತು. ೨೦೨೨ರಲ್ಲಿ ಈ ವೃಂದದ ೧೫,೦೦೦ ಹುದ್ದೆಗಳಿಗೆ ನೇರ ನೇಮಕಾತಿಯ ಪ್ರಕ್ರಿಯೆ ನಡೆಯಿತು. ೧ರಿಂದ ೭ನೆಯ ತರಗತಿಗೆಂದು ನೇಮಕಗೊಂಡು, ಸೇವೆಯಲ್ಲಿದ್ದುಕೊಂಡೇ ಪದವಿ ಮತ್ತು ಬಿ.ಎಡ್. ಪೂರೈಸಿದ ಹಿರಿಯ ಶಿಕ್ಷಕರು ೧ರಿಂದ ೫ರ ವೃಂದಕ್ಕೆ ಸೇರಿಸಲ್ಪಟ್ಟರು. ಬಹುಕಾಲದಿಂದ ಏಳನೆಯ ತರಗತಿಗೆ ಗಣಿತ, ವಿಜ್ಞಾನ ಹೇಳುತ್ತಿದ್ದವರಿಗೆ ಇದು ಹಿಂಬಡ್ತಿಯೆನಿಸಿತು. ೨೦೨೪ರ ಆಗಸ್ಟ್ ತಿಂಗಳಲ್ಲಿ ರಾಜ್ಯದ ನಾನಾ ಭಾಗಗಳಿಂದ ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನಲ್ಲಿ ಸೇರಿ ಈ ನಿಯಮಗಳ ತಿದ್ದುಪಡಿಗೆ ಒತ್ತಾಯಿಸಿದರು.

೨೦೨೫ರ ಸೆಪ್ಟೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಮತ್ತೊಂದು ತಿರುವು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದೂ, ಐದು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಸೇವೆಯಲ್ಲಿ ಮುಂದುವರಿಯಬಹುದಾದರೂ ಪರೀಕ್ಷೆ ಪಾಸಾಗದೆ ಬಡ್ತಿಗೆ ಅರ್ಹರಲ್ಲವೆಂದೂ ಅದು ಹೇಳಿತು. ಲೋಯರ್ ಸೆಕೆಂಡರಿಯ ಕಾಲದಲ್ಲಿದ್ದ ಅರ್ಹತಾ ತತ್ತ್ವ ಹೀಗೆ ಒಂದೂವರೆ ಶತಮಾನದ ನಂತರ ಹಿರಿಯ ಶಿಕ್ಷಕರ ಮುಂದೆ ಮರಳಿ ಬಂದು ನಿಂತಿತು.

೮. ಜ್ಯೇಷ್ಠತೆಯ ಸಾಮಾಜಿಕ ಮುಖ

ಮೇಲಿನ ವಿವೇಚನೆಯಿಂದ ಜ್ಯೇಷ್ಠತೆಯು ಪ್ರತಿಭೆಗೆ ಅಡ್ಡಿಯೆಂದು ತೀರ್ಮಾನಿಸುವುದು ಆತುರವಾದೀತು. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆಯಲ್ಲಿ, ೨೦೧೧ರ ಜನಗಣತಿಯಂತೆ, ಪರಿಶಿಷ್ಟ ಜಾತಿಯವರು ಸುಮಾರು ನಾಲ್ಕನೆಯ ಒಂದು ಭಾಗ, ಪರಿಶಿಷ್ಟ ಪಂಗಡದವರು ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು. ಈ ಸಮುದಾಯಗಳ ಮೊದಲ ತಲೆಮಾರಿನ ವಿದ್ಯಾವಂತರಿಗೆ ಶಿಕ್ಷಕ ವೃತ್ತಿಯು ಸರ್ಕಾರಿ ಸೇವೆಯ ಹೆಬ್ಬಾಗಿಲಾಗಿತ್ತು. ಮೇಲಧಿಕಾರಿಗಳ ಮೆಚ್ಚುಗೆಯನ್ನು ಅವಲಂಬಿಸದ ದಿನಾಂಕದ ಲೆಕ್ಕ ಅವರಿಗೆ ರಕ್ಷಣೆಯೂ ಹೌದು. ಬಡ್ತಿಯಲ್ಲಿ ಮೀಸಲಾತಿ ಪಡೆದವರ ತತ್ಪರಿಣಾಮದ ಜ್ಯೇಷ್ಠತೆಯನ್ನು ಕುರಿತ ಬಿ. ಕೆ. ಪವಿತ್ರ ಪ್ರಕರಣವು ೨೦೧೭ ಮತ್ತು ೨೦೧೯ರಲ್ಲಿ ಎರಡು ಬಾರಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದುದನ್ನು, ಎರಡನೆಯ ಬಾರಿ ಕರ್ನಾಟಕದ ಹೊಸ ಕಾಯಿದೆ ಎತ್ತಿಹಿಡಿಯಲ್ಪಟ್ಟುದನ್ನು ಇಲ್ಲಿ ನೆನೆಯಬೇಕು. ಆ ವ್ಯಾಜ್ಯ ಎಲ್ಲ ಇಲಾಖೆಗಳಿಗೂ ಸಂಬಂಧಿಸಿದ್ದು. ಜ್ಯೇಷ್ಠತಾ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿದೆ ಎಂಬುದು ಸಾಮಾಜಿಕ ನ್ಯಾಯದ ಪ್ರಶ್ನೆಯೂ ಆಗಿದೆಯೆಂಬುದಕ್ಕೆ ಅದು ನಿದರ್ಶನ.

ಹೊರದೇಶಗಳ ಅನುಭವವೂ ಎಚ್ಚರಿಕೆಯನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ೧೯೯೮ರಲ್ಲಿ ಉನ್ನತ ಕೌಶಲದ ಶಿಕ್ಷಕರೆಂಬ ದರ್ಜೆ ಬಂದಿತು. ಅವರು ವಾರದ ನಾಲ್ಕು ದಿನ ತಮ್ಮ ತರಗತಿಯಲ್ಲಿ ಪಾಠ ಹೇಳಿ, ಒಂದು ದಿನ ಬೇರೆ ಶಿಕ್ಷಕರಿಗೆ ನೆರವಾಗುತ್ತಿದ್ದರು. ೨೦೧೩ರಲ್ಲಿ ಆ ದರ್ಜೆ ರದ್ದಾಯಿತು. ಸಿಂಗಪುರವು ೨೦೦೧ರಲ್ಲಿ ಬೋಧನೆ, ನಾಯಕತ್ವ, ವಿಷಯತಜ್ಞತೆ ಎಂಬ ಮೂರು ಪ್ರತ್ಯೇಕ ದಾರಿಗಳನ್ನು ರೂಪಿಸಿ ಉಳಿಸಿಕೊಂಡಿದೆ. ಭಾರತದ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಕರು ತಾವಿರುವ ಹಂತದಲ್ಲಿಯೇ ಮುನ್ನಡೆಯುವಂತಾಗಬೇಕು, ಮುಖ್ಯ ಶಿಕ್ಷಕರಾಗುವುದೊಂದೇ ಮುನ್ನಡೆಯಾಗಬಾರದು ಎಂಬ ಆಶಯವನ್ನು ವ್ಯಕ್ತಪಡಿಸಿದೆ. ಕರ್ನಾಟಕವು ಆ ನೀತಿಯ ಬದಲಿಗೆ ತನ್ನದೇ ನೀತಿಯ ರಚನೆಗೆ ೨೦೨೩ರಲ್ಲಿ ಆಯೋಗವನ್ನು ನೇಮಿಸಿತು. ನೀತಿ ಯಾವುದಾದರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

೯. ಉಪಸಂಹಾರ

ಒಟ್ಟಾರೆ ನೋಡಿದಾಗ, ೧೮೬೮ರಿಂದ ಇಂದಿನವರೆಗೆ ಈ ಪ್ರದೇಶದ ಶಿಕ್ಷಕರ ಮುನ್ನಡೆಯನ್ನು ಅರ್ಹತಾ ಪರೀಕ್ಷೆ, ಸೇವಾ ದಿನಾಂಕ, ಕಾಲಾವಧಿ ಎಂಬ ಮೂರು ಅಳತೆಗೋಲುಗಳಿಂದ ಅಳೆಯಲಾಗಿದೆ. ಈ ಮೂರೂ ತರಗತಿಯ ಹೊರಗಿನಿಂದ ಬಂದ ಅಳತೆಗಳು. ಮಕ್ಕಳ ಕಲಿಕೆಗೆ ಹತ್ತಿರವಾದ ಕೆಲಸಕ್ಕೆ ಅಳ
ತೆ ಸಿಕ್ಕಿಲ್ಲ. ಹುದ್ದೆಯ ಏಣಿಯು ಹಳ್ಳಿಯ ಶಾಲೆಯಿಂದ ಪಟ್ಟಣಕ್ಕೆ, ತರಗತಿಯಿಂದ ಕಚೇರಿಗೆ ಒಯ್ಯುತ್ತದೆ. ಸಾಕ್ಷರತೆಯಲ್ಲಿ ಹಿಂದುಳಿದ ಗಡಿ ಜಿಲ್ಲೆಯೊಂದು ತನ್ನ ಅನುಭವಿ ಶಿಕ್ಷಕರನ್ನು ಹೀಗೆ ಬಡ್ತಿಯ ಮೂಲಕವೇ ತರಗತಿಯಿಂದ ಕಳೆದುಕೊಳ್ಳುತ್ತದೆ. ಜ್ಯೇಷ್ಠತೆಯ ರಕ್ಷಣೆಯನ್ನೂ ಮೀಸಲಾತಿಯ ನ್ಯಾಯವನ್ನೂ ಉಳಿಸಿಕೊಂಡು, ಶಾಲೆಯಲ್ಲಿಯೇ ನಿಂತು ಮೇಲೇರುವ ಒಂದು ದರ್ಜೆಯನ್ನು ಕಲ್ಪಿಸುವುದು ಅಸಾಧ್ಯವೇನಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರ ಕೆಲಸ ಅದಕ್ಕೆ ಬೇಕಾದ ಮಾದರಿಯನ್ನು ಆಗಲೇ ತೋರಿಸಿದೆ.

ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ವಿಪುಲ ಅವಕಾಶವಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳ ಹಳೆಯ ಜ್ಯೇಷ್ಠತಾ ಪಟ್ಟಿಗಳು, ಹೋಬಳಿ ಶಾಲೆಗಳ ದಾಖಲಾತಿ ಪುಸ್ತಕಗಳು, ತಪಾಸಣಾ ವರದಿಗಳು, ನಿವೃತ್ತ ಶಿಕ್ಷಕರ ನೆನಪುಗಳು ಇದಕ್ಕೆ ಮುಖ್ಯ ಆಕರಗಳಾಗಬಲ್ಲವು. ಸೇವಾ ವಿವರಗಳು ಗಣಕೀಕೃತಗೊಂಡ ಮೇಲೆ ಹಳೆಯ ಕಾಗದಗಳು ಅನಗತ್ಯವೆಂಬ ಭಾವನೆ ಬೆಳೆಯುವುದು ಸಹಜ. ಅವು ಕಣ್ಮರೆಯಾಗುವ ಮುನ್ನ ಜಿಲ್ಲಾ ಮಟ್ಟದಲ್ಲಿ ಅವುಗಳನ್ನು ಸಂಗ್ರಹಿಸಿ ಸಂರಕ್ಷಿಸುವ ಕಾರ್ಯ ನಡೆಯಬೇಕಾಗಿದೆ. ಶಾಸನಗಳನ್ನು ಹುಡುಕಿ ಉಳಿಸಿದ ನಾಡು ಶಿಕ್ಷಕರ ಸೇವೆಯ ದಾಖಲೆಗಳನ್ನೂ ಉಳಿಸಿಕೊಳ್ಳುವುದು ಉಚಿತ.